ಆಸ್ ಬಿನ್ ವಾಇಲ್ ತೀರಿಸದ ಸಾಲ: ಕೂಲಿಯ ಕರಾರು ಬದಲಾದಾಗ

ಕರಾವಳಿಯ ನಮ್ಮ ಅನೇಕ ಮನೆಗಳಿಗೆ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ತಲುಪಿದೆ. ಹಿಂದೆ ಅದು ವಿಮಾನ ಅಂಚೆಯ ಪತ್ರದಲ್ಲಿ ಬರುತ್ತಿತ್ತು, ಈಗ ಮೊಬೈಲ್ ಕರೆಯಲ್ಲಿ ಬರುತ್ತದೆ. ಮಗನು ಕೊಲ್ಲಿ ರಾಷ್ಟ್ರವನ್ನು ತಲುಪಿ ಹತ್ತು ದಿನ ಕಳೆದಿರುತ್ತದೆ. ಊರಿನಲ್ಲಿ ಏಜೆಂಟನು ತೋರಿಸಿದ ಕಾಗದದಲ್ಲಿ ಒಂದು ಸಂಬಳವಿತ್ತು, ಅಲ್ಲಿ ಮುಂದಿಟ್ಟ ಕಾಗದದಲ್ಲಿ ಇನ್ನೊಂದಿದೆ. ಊರಿನಲ್ಲಿ ಸೇಲ್ಸ್‌ಮನ್ ಎಂದಿದ್ದರು, ಅಲ್ಲಿ ಗೋದಾಮಿನಲ್ಲಿ ಹೊರೆ ಹೊರುವ ಕೆಲಸ. "ಉಮ್ಮಾ, ಇಲ್ಲಿ ಬೇರೆ ಕಾಗದಕ್ಕೆ ಸಹಿ ಹಾಕಿಸಿದರು" ಎಂದು ಅವನು ಹೇಳುತ್ತಾನೆ. "ಸಬ್ರ್ ಮಾಡು ಮಗನೇ, ಅಲ್ಲಾಹನಿದ್ದಾನೆ" ಎಂದು ತಾಯಿ ಹೇಳುತ್ತಾಳೆ. ಆ ಮಾತಿನಲ್ಲಿ ಪ್ರೀತಿಯಿದೆ, ವಿಶ್ವಾಸವಿದೆ. ವೀಸಾಕ್ಕಾಗಿ ಅಡವಿಟ್ಟ ಚಿನ್ನದ ಚಿಂತೆಯೂ ಇದೆ.

ಆ ತಾಯಿಯ ಮಾತನ್ನು ತಪ್ಪೆನ್ನುವ ಅಧಿಕಾರ ನಮಗಿಲ್ಲ. ಆದರೆ ಸಬ್ರ್ ಎಂಬ ಪದವನ್ನು ನಾವು ಯಾವ ಅರ್ಥದಲ್ಲಿ ಬಳಸುತ್ತಿದ್ದೇವೆ ಎಂದು ಕೇಳಿಕೊಳ್ಳಲೇಬೇಕಾಗಿದೆ. ಒಪ್ಪಿದ ಕರಾರನ್ನು ಧಣಿಯು ಏಕಪಕ್ಷೀಯವಾಗಿ ಬದಲಿಸಿದಾಗ ಸತ್ಯವಿಶ್ವಾಸಿಯಾದ ಕೆಲಸಗಾರನು ತಲೆ ತಗ್ಗಿಸಿ ಸುಮ್ಮನಿರಬೇಕೆಂದು ನಮ್ಮ ಚರಿತ್ರೆ ಕಲಿಸಿದೆಯೇ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಮೊದಲು ಎದುರಾಗುವವರು ಮಕ್ಕಾದ ಒಬ್ಬ ಕಮ್ಮಾರರು.

ಮಕ್ಕಾದ ಕಮ್ಮಾರ

ಖಬ್ಬಾಬ್ ಬಿನ್ ಅರತ್ತ್(ರ) ಗುಲಾಮರಾಗಿ ಮಾರಲ್ಪಟ್ಟು ಮಕ್ಕಾಕ್ಕೆ ಬಂದವರು. ಖುಝಾಅ ಗೋತ್ರದ ಉಮ್ಮು ಅನ್ಮಾರ್ ಎಂಬ ಸ್ತ್ರೀಯ ಸ್ವಾಧೀನದಲ್ಲಿದ್ದವರು. ಖಡ್ಗ ತಯಾರಿಯಲ್ಲಿ ಅವರ ಕೈ ಪಳಗಿತ್ತು. ಇಸ್ಲಾಮನ್ನು ಸ್ವೀಕರಿಸಿದ ಮೊದಲಿಗರ ಸಾಲಿನಲ್ಲಿ ಅವರಿದ್ದಾರೆ. ಅವರ ಬೆನ್ನನ್ನು ಕೆಂಡದ ಮೇಲೆ ಒತ್ತಿ ಹಿಂಸಿಸಿದ ಸಂಗತಿಯನ್ನು ನಾವು ಮದ್ರಸದ ದಿನಗಳಿಂದಲೇ ಕೇಳಿದ್ದೇವೆ. ಅವರ ಬಾಕಿ ಕೂಲಿಯ ಸಂಗತಿಯನ್ನು ಮಾತ್ರ ಅಷ್ಟಾಗಿ ಕೇಳಿಲ್ಲ.

ಕುರೈಶರ ಸಹ್ಮ್ ಕುಲದ ಮುಖಂಡನಾದ ಆಸ್ ಬಿನ್ ವಾಇಲ್‌ಗೆ ಖಬ್ಬಾಬ್(ರ) ಖಡ್ಗವೊಂದನ್ನು ಮಾಡಿಕೊಟ್ಟಿದ್ದರು. ಕೆಲಸ ಮುಗಿಯಿತು, ವಸ್ತು ಧಣಿಯ ಕೈ ಸೇರಿತು, ಹಣ ಬರಲಿಲ್ಲ. ಖಬ್ಬಾಬ್(ರ) ಕೇಳಲು ಹೋದರು. ಆಸ್ ಆಗ ಮೊದಲು ಇರದಿದ್ದ ಒಂದು ಷರತ್ತನ್ನು ಸೇರಿಸಿದನು: ಮುಹಮ್ಮದರನ್ನು(ಸ) ನಿರಾಕರಿಸಿದರೆ ಮಾತ್ರ ಹಣ ಕೊಡುವೆನು. ಅಲ್ಲಾಹನು ನಿನ್ನನ್ನು ಸಾಯಿಸಿ ಮತ್ತೆ ಎಬ್ಬಿಸುವವರೆಗೂ ನಾನು ನಿರಾಕರಿಸಲಾರೆನು ಎಂದು ಖಬ್ಬಾಬ್(ರ) ಉತ್ತರಿಸಿದರು. ಆಸ್ ಅದನ್ನೇ ಅಪಹಾಸ್ಯಕ್ಕೆ ಬಳಸಿಕೊಂಡನು. ಸತ್ತ ಮೇಲೆ ಎಬ್ಬಿಸಲಾಗುವುದೇನು, ಹಾಗಾದರೆ ಅಲ್ಲಿಯೂ ನನಗೆ ಸಂಪತ್ತು, ಮಕ್ಕಳು ಇರುತ್ತಾರೆ, ಆಗಲೇ ನಿನ್ನ ಸಾಲ ತೀರಿಸುವೆನು ಎಂದನು. ಇಮಾಮ್ ಬುಖಾರಿ(ರ) ಈ ಪ್ರಸಂಗವನ್ನು ಖಬ್ಬಾಬರ(ರ) ಬಾಯಿಂದಲೇ ವರದಿ ಮಾಡಿದ್ದಾರೆ. ಕುರ್‌ಆನಿನ ಮರ್ಯಮ್ ಅಧ್ಯಾಯದ 77ರಿಂದ 80ರವರೆಗಿನ ವಚನಗಳು ಈ ಸಂದರ್ಭದಲ್ಲಿ ಅವತೀರ್ಣವಾದವು.

ಆ ವಚನಗಳ ಆಶಯವನ್ನು ತುಸು ನಿಧಾನವಾಗಿ ನೋಡೋಣ. ಈತನು ಅಗೋಚರವನ್ನು ಇಣುಕಿ ನೋಡಿದ್ದಾನೆಯೇ, ಅಥವಾ ಪರಮ ದಯಾಮಯನಿಂದ ಕರಾರು ಪಡೆದಿದ್ದಾನೆಯೇ ಎಂದು ಕುರ್‌ಆನ್ ಪ್ರಶ್ನಿಸುತ್ತದೆ. ಮನುಷ್ಯನೊಂದಿಗಿನ ಕರಾರನ್ನು ಮುರಿದವನಿಗೆ ದೇವನೊಂದಿಗೆ ನಿನಗೆ ಯಾವ ಕರಾರಿದೆ ಎಂಬ ಪ್ರಶ್ನೆ. ಅವನು ಆಡಿದ ಮಾತನ್ನು ಬರೆದಿಡಲಾಗುವುದು, ಅವನು ಒಂಟಿಯಾಗಿ ನಮ್ಮ ಬಳಿಗೆ ಬರುವನು ಎಂಬ ಎಚ್ಚರಿಕೆಯೂ ಅಲ್ಲಿದೆ. ಖಡ್ಗ ಕೊಳ್ಳುವಾಗ ಆಸ್ ಯಾವ ಕಾಗದವನ್ನೂ ಬರೆದುಕೊಟ್ಟಿರಲಾರನು. ಒಬ್ಬ ಬಡ ಕಮ್ಮಾರನೊಂದಿಗೆ ಕಾಗದ ಮಾಡಿಕೊಳ್ಳುವ ರೂಢಿ ಯಾರಿಗಿತ್ತು? ಬರೆಯದ ಆ ವ್ಯವಹಾರದ ಮಾತು ಬರೆಯಲ್ಪಟ್ಟಿತು, ಇಂದಿಗೂ ಓದಲ್ಪಡುತ್ತಿದೆ.

ಖಬ್ಬಾಬ್(ರ) ಇಲ್ಲಿ ಮಾಡಿದ್ದೇನು, ಮಾಡದೆ ಇದ್ದದ್ದೇನು? ಬಾಕಿಯನ್ನು ಕೇಳಲು ಅವರು ನಾಚಲಿಲ್ಲ. ಹೊಸ ಷರತ್ತಿನ ಮೇಲೆ ಚೌಕಾಸಿಗೂ ಇಳಿಯಲಿಲ್ಲ, ಅರ್ಧವನ್ನಾದರೂ ಕೊಡು ಎನ್ನಲಿಲ್ಲ. ಸಾಲವನ್ನು ಬಿಟ್ಟುಕೊಟ್ಟೆನೆಂದೂ ಹೇಳಲಿಲ್ಲ. ಕಅಬಾದ ನೆರಳಿನಲ್ಲಿ ಕುಳಿತಿದ್ದ ಪ್ರವಾದಿವರ್ಯರ(ಸ) ಬಳಿ ಹೋಗಿ, ನಮಗಾಗಿ ಪ್ರಾರ್ಥಿಸಬಾರದೇ ಎಂದು ದುಃಖ ತೋಡಿಕೊಂಡು, ಹಿಂದಿನ ಸಮುದಾಯಗಳು ಇದಕ್ಕಿಂತ ಹೆಚ್ಚಿನದನ್ನು ಸಹಿಸಿದ್ದವು, ನೀವು ಆತುರಪಡುತ್ತಿದ್ದೀರಿ ಎಂಬ ಉತ್ತರ ಪಡೆದವರೂ ಇದೇ ಖಬ್ಬಾಬ್(ರ). ಸಬ್ರ್‌ನ ಪಾಠವನ್ನು ಅವರಷ್ಟು ಹತ್ತಿರದಿಂದ ಕೇಳಿದವರು ವಿರಳ. ಆ ಪಾಠ ಕೇಳಿದವರಿಗೂ ಬಾಕಿ ಕೂಲಿಯನ್ನು ಕೇಳುವುದು ಸಬ್ರ್‌ಗೆ ವಿರುದ್ಧವೆಂದು ತೋರಲಿಲ್ಲ.

ಅದೇ ಆಸ್, ಇಪ್ಪತ್ತು ವರ್ಷಗಳ ಹಿಂದೆ

ಆಸ್ ಬಿನ್ ವಾಇಲ್‌ಗೆ ಇದು ಮೊದಲ ಸಲವಲ್ಲ. ಪ್ರವಾದಿವರ್ಯರಿಗೆ(ಸ) ಸುಮಾರು 20 ವರ್ಷ ಪ್ರಾಯವಾಗಿದ್ದಾಗ ಯಮನಿನ ಝಬೀದ್‌ನಿಂದ ಬಂದ ವ್ಯಾಪಾರಿಯೊಬ್ಬನ ಸರಕನ್ನು ಇದೇ ಆಸ್ ಕೊಂಡು ಹಣ ಕೊಡದೆ ಸತಾಯಿಸಿದ್ದನು. ಪರದೇಶಿಯಾದ ಆ ವ್ಯಾಪಾರಿ ಸಹ್ಮ್ ಕುಲದ ಮಿತ್ರಕುಲಗಳ ಬಾಗಿಲು ತಟ್ಟಿದನು. ಅವರು ಅವನನ್ನು ಗದರಿಸಿ ಕಳುಹಿಸಿದರು. ನಮ್ಮವನ ವಿರುದ್ಧ ಹೊರಗಿನವನಿಗೆ ನಾವೇಕೆ ನಿಲ್ಲಬೇಕು ಎಂಬ ಲೆಕ್ಕಾಚಾರ ಅಂದಿಗೂ ಇತ್ತು.

ಮರುದಿನ ಸೂರ್ಯೋದಯದ ಹೊತ್ತಿಗೆ, ಕುರೈಶರು ಕಅಬಾದ ಸುತ್ತ ಗುಂಪುಗೂಡಿ ಕುಳಿತಿದ್ದಾಗ, ಆತನು ಅಬೂ ಖುಬೈಸ್ ಬೆಟ್ಟವನ್ನೇರಿ ತನಗಾದ ಅನ್ಯಾಯವನ್ನು ಗಟ್ಟಿ ದನಿಯಲ್ಲಿ ಸಾರಿದನು. ಪ್ರವಾದಿವರ್ಯರ(ಸ) ಚಿಕ್ಕಪ್ಪ ಝುಬೈರ್ ಬಿನ್ ಅಬ್ದುಲ್ ಮುತ್ತಲಿಬ್ ಎದ್ದರು. ಹಾಶಿಮ್, ಮುತ್ತಲಿಬ್, ಅಸದ್, ಝುಹ್ರಾ, ತೈಮ್ ಕುಲಗಳವರು ಅಬ್ದುಲ್ಲಾಹ್ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿದರು. ಮಕ್ಕಾದಲ್ಲಿ ಊರವನಿಗಾಗಲಿ ಪರದೇಶಿಗಾಗಲಿ ಅನ್ಯಾಯವಾದರೆ ಅವನ ಹಕ್ಕು ಅವನಿಗೆ ಮರಳುವವರೆಗೆ ಒಂದೇ ಕೈಯಾಗಿ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಬಳಿಕ ನೇರವಾಗಿ ಆಸ್‌ನ ಬಳಿಗೆ ಹೋಗಿ ಆ ಯಮನಿಯ ಸೊತ್ತನ್ನು ಕೊಡಿಸಿದರು. ಇದುವೇ ಹಿಲ್ಫುಲ್ ಫುಝೂಲ್. ಯುವಕರಾಗಿದ್ದ ಪ್ರವಾದಿವರ್ಯರು(ಸ) ಆ ಮನೆಯಲ್ಲಿದ್ದರು. ಕೆಂಪು ಒಂಟೆಗಳ ಹಿಂಡು ಸಿಕ್ಕರೂ ಆ ಒಪ್ಪಂದವನ್ನು ಬಿಟ್ಟುಕೊಡಲಾರೆ, ಇಸ್ಲಾಮಿನ ಕಾಲದಲ್ಲಿ ಅದರ ಹೆಸರಿನಲ್ಲಿ ಕರೆದರೂ ಓಗೊಡುವೆನು ಎಂಬ ಅರ್ಥದ ಮಾತನ್ನು ಅವರು ಮುಂದೆ ಹೇಳಿದರು.

ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ನಮ್ಮನ್ನು ಕಾಡುತ್ತದೆ. ಧಣಿ ಅವನೇ, ಚಾಳಿಯೂ ಅದೇ. ಯಮನಿಯ ಬೆನ್ನಿಗೆ ಐದು ಕುಲಗಳು ನಿಂತವು, ಅವನಿಗೆ ತನ್ನದು ದೊರೆಯಿತು. ಖಬ್ಬಾಬರ(ರ) ಬೆನ್ನಿಗೆ ನಿಲ್ಲುವ ಕುಲ ಮಕ್ಕಾದಲ್ಲಿ ಇರಲಿಲ್ಲ.

ಆಸ್‌ನ ಕುರಿತು ಇನ್ನೊಂದು ವರದಿಯೂ ಸಹೀಹುಲ್ ಬುಖಾರಿಯಲ್ಲಿದೆ, ನಾವು ಅದನ್ನು ಮುಚ್ಚಿಡಬಾರದು. ಉಮರ್(ರ) ಇಸ್ಲಾಮ್ ಸ್ವೀಕರಿಸಿದಾಗ ಕುರೈಶರು ಅವರ ಮನೆಯನ್ನು ಮುತ್ತಿದರು. ಆಗ ರೇಷ್ಮೆಯ ಅಂಚಿನ ನಿಲುವಂಗಿ ತೊಟ್ಟು ಬಂದು, ಇವನು ನನ್ನ ರಕ್ಷಣೆಯಲ್ಲಿದ್ದಾನೆ ಎಂದು ಹೇಳಿ ಗುಂಪನ್ನು ಹಿಂದಕ್ಕೆ ಕಳುಹಿಸಿದವನು ಇದೇ ಆಸ್ ಬಿನ್ ವಾಇಲ್. ಉಮರರ(ರ) ಅದೀ ಕುಲವು ಸಹ್ಮ್ ಕುಲದ ಮಿತ್ರಕುಲವಾಗಿತ್ತು. ಎಂದರೆ ಈತನಿಗೆ ಕರಾರೆಂದರೇನು ಎಂಬುದು ಗೊತ್ತಿರಲಿಲ್ಲವೆಂದಲ್ಲ. ಕುಲಕ್ಕೆ ಕುಲ ಎದುರಾಗಿರುವಲ್ಲಿ ಅವನು ಮಾತನ್ನು ಉಳಿಸಿಕೊಂಡನು. ಎದುರಿಗಿರುವವನು ಕುಲವಿಲ್ಲದ ಕಮ್ಮಾರನಾದಾಗ ಮಾತು ಬದಲಿಸಿದನು. ಪಾಲುದಾರನೊಂದಿಗೆ, ಬ್ಯಾಂಕಿನೊಂದಿಗೆ, ಸರಕಾರದೊಂದಿಗೆ ಅಕ್ಷರಶಃ ಕರಾರು ಪಾಲಿಸುವ ಗೌರವಾನ್ವಿತರು ತಮ್ಮ ಅಂಗಡಿಯ ಹುಡುಗನ ವಿಷಯದಲ್ಲಿ ಬೇರೆಯೇ ಮನುಷ್ಯರಾಗುವುದನ್ನು ನಾವೂ ಕಂಡಿದ್ದೇವೆ.

ಹಿಲ್ಫುಲ್ ಫುಝೂಲ್ ಕೇವಲ ನೆನಪಾಗಿ ಉಳಿಯಲಿಲ್ಲ. ಅಮವೀ ಆಡಳಿತದಲ್ಲಿ ಮದೀನಾದ ರಾಜ್ಯಪಾಲನಾಗಿದ್ದ ವಲೀದ್ ಬಿನ್ ಉತ್‌ಬಾನು ಸೊತ್ತಿನ ವಿಷಯದಲ್ಲಿ ಅಧಿಕಾರದ ಬಲದಿಂದ ಅನ್ಯಾಯ ಮಾಡಲು ಹೊರಟಾಗ, ಹುಸೈನ್ ಬಿನ್ ಅಲೀ(ರ) ಅವನಿಗೆ ಎಚ್ಚರಿಕೆ ನೀಡಿದರು: ನನ್ನ ಹಕ್ಕನ್ನು ಕೊಡದಿದ್ದರೆ ಪ್ರವಾದಿವರ್ಯರ(ಸ) ಮಸೀದಿಯಲ್ಲಿ ನಿಂತು ಹಿಲ್ಫುಲ್ ಫುಝೂಲ್‌ನ ಹೆಸರಿನಲ್ಲಿ ಜನರನ್ನು ಕರೆಯುವೆನು. ಅಬ್ದುಲ್ಲಾಹ್ ಬಿನ್ ಝುಬೈರ್(ರ) ಅದನ್ನು ಕೇಳಿ, ಕರೆದರೆ ನಾನೂ ಬರುವೆನೆಂದರು. ಮಿಸ್ವರ್ ಬಿನ್ ಮಖ್ರಮಾ(ರ) ಕೂಡ ಹಾಗೆಯೇ ಹೇಳಿದರು. ವಲೀದ್ ಹಕ್ಕನ್ನು ಬಿಟ್ಟುಕೊಟ್ಟನು. ಇಬ್ನು ಇಸ್‌ಹಾಕರು(ರ) ಉಲ್ಲೇಖಿಸಿದ ಈ ಘಟನೆಯಲ್ಲಿ ಖಡ್ಗ ಒರೆಯಿಂದ ಹೊರಬರಲೇ ಇಲ್ಲ. ಒಬ್ಬಂಟಿಯಲ್ಲ ಎಂಬುದು ತಿಳಿದದ್ದೇ ಸಾಕಾಯಿತು.

ಮದ್‌ಯನಿನ ಕರಾರು

ಮುರಿದ ಕರಾರುಗಳ ನಡುವೆ ಮುರಿಯದ ಒಂದು ಕರಾರನ್ನೂ ಕುರ್‌ಆನ್ ನಮ್ಮ ಮುಂದಿಟ್ಟಿದೆ. ಈಜಿಪ್ಟಿನಿಂದ ಪಲಾಯನ ಮಾಡಿ ಮದ್‌ಯನ್‌ಗೆ ಬಂದ ಮೂಸಾ(ಅ) ಕೈಯಲ್ಲಿ ಏನೂ ಇಲ್ಲದ ವಲಸಿಗರಾಗಿದ್ದರು. ಅಲ್ಲಿಯ ವೃದ್ಧರೊಬ್ಬರು ಅವರಿಗೆ ಆಶ್ರಯವಿತ್ತರು. ಇವರನ್ನು ಕೂಲಿಗೆ ಇಟ್ಟುಕೊಳ್ಳಿರಿ, ಬಲಶಾಲಿಯೂ ಪ್ರಾಮಾಣಿಕನೂ ಆದವನೇ ಕೂಲಿಗೆ ಉತ್ತಮನು ಎಂದು ಅವರ ಮಗಳು ಸೂಚಿಸಿದಳು. ಆ ವೃದ್ಧರು ಪ್ರವಾದಿ ಶುಐಬ್(ಅ) ಎಂದು ಅನೇಕ ವ್ಯಾಖ್ಯಾನಕಾರರು ಹೇಳಿದರೆ ಇನ್ನು ಕೆಲವರು ಒಪ್ಪುವುದಿಲ್ಲ. ನಮ್ಮ ವಿಷಯಕ್ಕೆ ಆ ಚರ್ಚೆ ಅನಗತ್ಯ.

ಖಸಸ್ ಅಧ್ಯಾಯದ 27 ಮತ್ತು 28ನೇ ವಚನಗಳಲ್ಲಿರುವ ಆ ಕರಾರಿನ ವಿವರ ನೋಡಿರಿ. ವೃದ್ಧರು ತಮ್ಮ ಮಗಳೊಬ್ಬಳನ್ನು ವಿವಾಹ ಮಾಡಿಕೊಡುವರು, ಪ್ರತಿಯಾಗಿ ಮೂಸಾ(ಅ) 8 ವರ್ಷ ದುಡಿಯಬೇಕು. 10 ವರ್ಷ ಪೂರ್ತಿಗೊಳಿಸಿದರೆ ಅದು ಮೂಸಾರ(ಅ) ಔದಾರ್ಯ, ಅದನ್ನು ಒತ್ತಾಯಿಸುವ ಹಕ್ಕು ಧಣಿಗಿಲ್ಲ. ನಿನಗೆ ಕಷ್ಟ ಕೊಡುವ ಇಚ್ಛೆ ನನಗಿಲ್ಲ ಎಂದು ಧಣಿಯು ಸ್ವತಃ ಹೇಳುತ್ತಾರೆ. ಮೂಸಾ(ಅ) ಅದಕ್ಕೆ ತಲೆಯಾಡಿಸಿ ಸುಮ್ಮನಾಗಲಿಲ್ಲ. ತಾವು ಅರ್ಥ ಮಾಡಿಕೊಂಡದ್ದನ್ನು ಬಾಯಿಬಿಟ್ಟು ಹೇಳಿದರು: ಇದು ನಮ್ಮಿಬ್ಬರ ನಡುವಿನ ಒಪ್ಪಂದ, ಎರಡು ಅವಧಿಗಳಲ್ಲಿ ಯಾವುದನ್ನು ನಾನು ಪೂರೈಸಿದರೂ ನನ್ನ ಮೇಲೆ ಅತಿಕ್ರಮವಾಗಕೂಡದು, ಅಲ್ಲಾಹನು ಸಾಕ್ಷಿ. ಆಶ್ರಯ ಕೊಟ್ಟು ಅನ್ನ ನೀಡಿದ, ಮಾವನಾಗಲಿರುವ ಹಿರಿಯರ ಮುಂದೆ ಈ ಮಾತು! ನಮ್ಮ ಊರುಗಳಲ್ಲಿ ಇದನ್ನು ಯಾರಾದರೂ ಹೇಳಿದರೆ ಉಪಕಾರ ಸ್ಮರಣೆಯಿಲ್ಲದವನೆಂದು ಕರೆದುಬಿಡುತ್ತೇವೆ. ಸಂಬಂಧಿಕರ ಕೆಳಗೆ ದುಡಿಯುವವನು ಸಂಬಳವೆಷ್ಟೆಂದು ಕೇಳುವುದೇ ಅಗೌರವವೆಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ.

ಮೂಸಾ(ಅ) ಕೊನೆಗೆ ಪೂರೈಸಿದ್ದು ಯಾವ ಅವಧಿಯನ್ನು ಎಂದು ಹೀರಾ ಪಟ್ಟಣದ ಯಹೂದಿಯೊಬ್ಬನು ಸಈದ್ ಬಿನ್ ಜುಬೈರರನ್ನು(ರ) ಕೇಳಿದನು. ಅವರು ಇಬ್ನು ಅಬ್ಬಾಸರ(ರ) ಬಳಿ ವಿಚಾರಿಸಿದಾಗ, ಎರಡರಲ್ಲಿ ಹೆಚ್ಚಿನದನ್ನು, ಉತ್ತಮವಾದುದನ್ನು ಎಂಬ ಉತ್ತರ ಬಂತು. ಹೆಚ್ಚಿನ ಎರಡು ವರ್ಷಗಳು ಕೆಲಸಗಾರನ ಕೈಯಿಂದ ಸಂತೋಷದಿಂದ ಬಂದವು. ಮೊದಲೇ ಅವನ್ನು ಕಡ್ಡಾಯ ಮಾಡಿದ್ದರೆ ಅವುಗಳಿಗೆ ಆ ಹೆಸರು ಇರುತ್ತಿರಲಿಲ್ಲ.

ಮೌನದ ಬೆಲೆ

ಫಿಕ್‌ಹ್ ವಿದ್ವಾಂಸರು ಇಂತಹ ಆಧಾರಗಳ ಮೇಲೆ 'ಇಜಾರಾ' ಎಂಬ ಅಧ್ಯಾಯವನ್ನೇ ಬೆಳೆಸಿದರು. ಮನೆಯನ್ನು ಬಾಡಿಗೆಗೆ ಕೊಡುವುದೂ ಮನುಷ್ಯನ ದುಡಿಮೆಯನ್ನು ಕೂಲಿಗೆ ಪಡೆಯುವುದೂ ಅದರಲ್ಲೇ ಬರುತ್ತವೆ. ಕೆಲಸವೇನು, ಕೂಲಿಯೆಷ್ಟು ಎಂಬುದು ಮೊದಲೇ ಗೊತ್ತಿರಬೇಕು. ಒಮ್ಮೆ ಒಪ್ಪಿದ ಮೇಲೆ ಅದು ಇಬ್ಬರನ್ನೂ ಕಟ್ಟಿಹಾಕುತ್ತದೆ. ನಮ್ಮ ಕರಾವಳಿಯವರು ಅನುಸರಿಸುವ ಶಾಫಿಈ ಮಝ್‌ಹಬ್ ಈ ವಿಷಯದಲ್ಲಿ ಬಿಗಿ. ಘಟ್ಟದ ಮೇಲಿನವರ ಹನಫೀ ಮಝ್‌ಹಬ್‌ನಲ್ಲಿ ನಿಜವಾದ ಅಡಚಣೆಯುಂಟಾದರೆ ಕರಾರನ್ನು ರದ್ದುಗೊಳಿಸುವ ಅವಕಾಶವಿದೆ. ಆದರೆ ರದ್ದು ಮಾಡುವುದು ಬೇರೆ, ಕರಾರನ್ನು ಉಳಿಸಿಕೊಂಡೇ ಅದರ ಒಳಗಿನ ಅಂಕಿಯನ್ನು ಒಬ್ಬನೇ ತಿದ್ದುವುದು ಬೇರೆ. ಎರಡನೆಯದಕ್ಕೆ ಇಬ್ಬರ ಸಮ್ಮತಿ ಬೇಕು. ಬಲವಂತದಿಂದ ಪಡೆದ ಸಮ್ಮತಿಯು ನಿಜವಾದ ಸಮ್ಮತಿಯಲ್ಲ ಎಂಬುದನ್ನೂ ಅವರು 'ಇಕ್‌ರಾಹ್' ಎಂಬ ಶೀರ್ಷಿಕೆಯಡಿ ವಿಸ್ತಾರವಾಗಿ ಚರ್ಚಿಸಿದ್ದಾರೆ.

ಕಾಗದದಲ್ಲಿ ಬರೆದದ್ದೆಲ್ಲ ಸಿಂಧುವಾಗುವುದೂ ಇಲ್ಲ. ಬರೀರಾ(ರ) ಎಂಬ ದಾಸಿಯು ವರ್ಷಕ್ಕೆ ಒಂದು ಊಕಿಯಾದಂತೆ ಒಂಬತ್ತು ವರ್ಷ ಪಾವತಿಸಿ ಬಿಡುಗಡೆ ಪಡೆಯುವ ಕರಾರನ್ನು ತನ್ನ ಯಜಮಾನರೊಂದಿಗೆ ಮಾಡಿಕೊಂಡಿದ್ದರು. ಆಯಿಶಾ(ರ) ಆ ಮೊತ್ತವನ್ನು ಒಮ್ಮೆಗೇ ಕೊಟ್ಟು ಬಿಡಿಸಲು ಮುಂದಾದಾಗ, ಬಿಡುಗಡೆ ಮಾಡಿದವರಿಗೆ ಸಲ್ಲಬೇಕಾದ ವಾರಸಿನ ಸಂಬಂಧವು ತಮಗೇ ಉಳಿಯಬೇಕೆಂದು ಯಜಮಾನರು ಷರತ್ತು ಹಾಕಿದರು. ಪ್ರವಾದಿವರ್ಯರು(ಸ) ಜನರನ್ನುದ್ದೇಶಿಸಿ ಮಾತನಾಡಿ, ಅಲ್ಲಾಹನ ಗ್ರಂಥಕ್ಕೆ ಹೊಂದದ ಷರತ್ತು ನೂರು ಸಲ ಹಾಕಿದರೂ ಅಸಿಂಧುವೆಂದು ಸಾರಿದರು. ಸಹಿ ಹಾಕಿಬಿಟ್ಟೆ, ಇನ್ನೇನು ಮಾಡಲಿ ಎಂದು ಕುಗ್ಗುವವರು ಈ ಹದೀಸನ್ನು ನೆನಪಿಡಲಿ.

ಈ ಪರಂಪರೆಯ ಕೊನೆಯ ದೊಡ್ಡ ಕಾನೂನು ಗ್ರಂಥವೆಂದರೆ ಉಸ್ಮಾನೀ ಸಾಮ್ರಾಜ್ಯದ 'ಮಜಲ್ಲಾ'. ಅಹ್ಮದ್ ಜೌದತ್ ಪಾಷಾ ಅವರ ನೇತೃತ್ವದ ಮಂಡಳಿಯು 1869ರಿಂದ 1876ರ ನಡುವೆ ಹನಫೀ ಫಿಕ್‌ಹ್‌ನ ಆಧಾರದಲ್ಲಿ 1,851 ಕಲಂಗಳಲ್ಲಿ ಅದನ್ನು ರಚಿಸಿತು. ಸಾಮ್ರಾಜ್ಯ ಅಳಿದ ಮೇಲೂ ಅದು ಹಲವೆಡೆ ಜಾರಿಯಲ್ಲಿತ್ತು. ಕುವೈತಿನಲ್ಲಿ 1980ರ ನಾಗರಿಕ ಸಂಹಿತೆ ಬರುವವರೆಗೂ ಅದು ನಡೆಯಿತು. ಎಂದರೆ ನಮ್ಮ ಊರಿನಿಂದ ಕುವೈತಿಗೆ ಹೋದ ಮೊದಲ ತಲೆಮಾರಿನವರು ದುಡಿದದ್ದು ಮಜಲ್ಲಾದ ನೆರಳಿನಲ್ಲಿ.

ಅದರಲ್ಲೊಂದು ಉದಾಹರಣೆಯಿದೆ. ಒಬ್ಬನು ತಿಂಗಳಿಗೆ 50 ಕುರುಶ್‌ಗೆ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದಿದ್ದಾನೆ. ಕೆಲವು ತಿಂಗಳ ನಂತರ ಮಾಲಕನು, 60 ಒಪ್ಪಿದರೆ ಇರು, ಇಲ್ಲವಾದರೆ ಬಿಡು ಎನ್ನುತ್ತಾನೆ. ಬಾಡಿಗೆದಾರನು ಒಪ್ಪುವುದಿಲ್ಲವೆಂದು ಹೇಳಿ ಅಲ್ಲೇ ಮುಂದುವರಿದರೆ ಅವನು ಕೊಡಬೇಕಾದದ್ದು 50 ಮಾತ್ರ. ಏನೂ ಹೇಳದೆ ಮುಂದುವರಿದರೆ 60 ಕೊಡಬೇಕು. ಇದು ಅಂಗಡಿ ಬಾಡಿಗೆಯ ಉದಾಹರಣೆಯೇ ಹೌದು, ಆದರೆ ಅದು ಕುಳಿತಿರುವುದು ಇಜಾರಾದ ಅಧ್ಯಾಯದಲ್ಲಿ. ಅದರ ಹಿಂದಿರುವ ಸೂತ್ರವನ್ನು ಮಜಲ್ಲಾ ತನ್ನ ಆರಂಭದಲ್ಲೇ ಇಟ್ಟಿದೆ. ಸುಮ್ಮನಿರುವವನ ಬಾಯಿಗೆ ನಾವು ಮಾತನ್ನು ತುರುಕುವಂತಿಲ್ಲ, ಆದರೆ ಮಾತನಾಡಲೇಬೇಕಾದ ಸ್ಥಳದಲ್ಲಿ ಸುಮ್ಮನಿದ್ದರೆ ಆ ಮೌನವನ್ನೇ ಮಾತೆಂದು ಎಣಿಸಲಾಗುವುದು.

ಈ 50 ಮತ್ತು 60ರ ನಡುವಿನ ವ್ಯತ್ಯಾಸ ನಮಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇಬ್ಬರೂ ಅದೇ ಅಂಗಡಿಯಲ್ಲೇ ಉಳಿದರು. ಇಬ್ಬರೂ ಜಗಳವಾಡಲಿಲ್ಲ. ಒಬ್ಬನು 'ಒಪ್ಪುವುದಿಲ್ಲ' ಎಂಬ ಒಂದು ಮಾತನ್ನು ಹೇಳಿದನು, ಇನ್ನೊಬ್ಬನು ಹೇಳಲಿಲ್ಲ. ಕೆಲಸ ಬಿಡಲು ಸಾಧ್ಯವಿಲ್ಲದವನಿಗೆ ಇದರಲ್ಲಿ ದಾರಿಯಿದೆ. ತಲೆಯ ಮೇಲೆ ಸಾಲವಿರುವವನು, ಮನೆಯಲ್ಲಿ ತಂಗಿಯ ಮದುವೆಯಿರುವವನು ಕೆಲಸಕ್ಕೆ ಹೋಗುತ್ತಲೇ ಇರಬಹುದು. ಹೋಗುತ್ತಲೇ, ಈ ಬದಲಾವಣೆಗೆ ನನ್ನ ಒಪ್ಪಿಗೆಯಿಲ್ಲವೆಂದು ವಿನಯದಿಂದ, ದಿನಾಂಕದೊಂದಿಗೆ, ಬರಹದಲ್ಲಿ ತಿಳಿಸಬಹುದು. ಮೊಬೈಲಿನ ಒಂದು ಸಂದೇಶವೂ ಬರಹವೇ. ಸಾಲದ ವ್ಯವಹಾರವನ್ನು ಬರೆದಿಡಿರಿ, ಸಾಕ್ಷಿಗಳನ್ನು ನಿಲ್ಲಿಸಿರಿ ಎಂದು ಕುರ್‌ಆನಿನ ಅತಿ ದೀರ್ಘ ವಚನವು ಆದೇಶಿಸಿರುವಾಗ, ಬರೆದು ಕೇಳುವುದನ್ನು ನಾವು ಧಿಕ್ಕಾರವೆಂದು ಏಕೆ ತಿಳಿಯಬೇಕು?

ನಮ್ಮ ಕಾಲದ ಕಾಗದಗಳು

1973ರ ತೈಲಬೆಲೆಯ ಏರಿಕೆಯ ನಂತರ ಕೊಲ್ಲಿ ರಾಷ್ಟ್ರಗಳಲ್ಲಿ ನಿರ್ಮಾಣ ಕಾರ್ಯ ಭರದಿಂದ ಸಾಗಿತು. ಮಂಗಳೂರು, ಉಡುಪಿ, ಭಟ್ಕಳದ ಯುವಕರು ಹೋದರು. ಮಸೀದಿಗಳು, ಶಾಲೆಗಳು, ಹೆಂಚಿನ ಬದಲು ತಾರಸಿಯ ಮನೆಗಳು ಆ ದುಡಿಮೆಯಿಂದ ಬಂದವು. ಊರಿನ ಕಾಗದವನ್ನು ಅಲ್ಲಿ ಬದಲಿಸುವ ದಂಧೆಯೂ ಜೊತೆಗೇ ಬಂತು. ವೀಸಾ ಕಫೀಲನ ಹೆಸರಿಗೆ ಅಂಟಿಕೊಂಡಿರುವಾಗ, ಪಾಸ್‌ಪೋರ್ಟ್ ಅವನ ಪೆಟ್ಟಿಗೆಯಲ್ಲಿರುವಾಗ, ಓದಲು ಬಾರದ ಅರಬೀ ಕಾಗದಕ್ಕೆ ಹಾಕಿದ ಸಹಿಗೆ ಸಮ್ಮತಿಯೆಂಬ ಹೆಸರು ಎಷ್ಟು ಒಪ್ಪುತ್ತದೆ? ಕಫಾಲತ್ ಎಂಬುದು ಫಿಕ್‌ಹ್‌ನಲ್ಲಿ ಇನ್ನೊಬ್ಬರ ಹೊಣೆ ಹೊರುವುದಕ್ಕಿರುವ ಹೆಸರು. ಆ ಶಬ್ದಕ್ಕೆ ಇಂತಹ ಗತಿ ಬಂದುದು ನೋವಿನ ವಿಷಯ.

ಕಾನೂನುಗಳು ನಿಧಾನವಾಗಿ ಬದಲಾಗಿವೆ. ನಮ್ಮ ದೇಶದಲ್ಲಿ 1922ರ ಹಳೆಯ ಕಾಯಿದೆಯ ಜಾಗದಲ್ಲಿ 1983ರ ವಲಸೆ ಕಾಯಿದೆ ಬಂತು, ಏಜೆಂಟರು ನೋಂದಾಯಿಸಿಕೊಳ್ಳಲೇಬೇಕೆಂದಾಯಿತು. ಯುಎಇ 2009ರಲ್ಲಿ ಸಂಬಳವನ್ನು ಬ್ಯಾಂಕಿನ ಮೂಲಕವೇ ಪಾವತಿಸುವ ವ್ಯವಸ್ಥೆಯನ್ನು ತಂದಿತು. ಅಲ್ಲಿ 2016ರ ಜನವರಿ 1ರಿಂದ ಕೆಲಸಗಾರನು ಮೊದಲು ಸಹಿ ಹಾಕಿದ ಆಫರ್ ಪತ್ರಕ್ಕೆ ಹೊಂದುವಂತೆಯೇ ನಂತರದ ಕರಾರು ಇರಬೇಕು, ಬದಲಾವಣೆಗೆ ಅವನ ಒಪ್ಪಿಗೆ ಬೇಕು, ಅದರಿಂದ ಅವನ ಹಕ್ಕಿಗೆ ಕುಂದಾಗಬಾರದು ಎಂಬ ನಿಯಮ ಜಾರಿಗೆ ಬಂತು. ಕತಾರ್ 2020ರಲ್ಲಿ, ಧಣಿಯ ಅನುಮತಿಯಿಲ್ಲದೆಯೂ ಕೆಲಸ ಬದಲಿಸಬಹುದೆಂದು ಕಾನೂನನ್ನು ತಿದ್ದಿತು. ಆದ್ದರಿಂದ ಊರಿನಲ್ಲಿ ಪಡೆದ ಮೊದಲ ಕಾಗದವೇ ಇಂದು ಕೆಲಸಗಾರನ ಅತಿ ದೊಡ್ಡ ಸಾಕ್ಷಿ. ಅದರ ಒಂದು ಪ್ರತಿ ಮನೆಯಲ್ಲೂ ಇರಲಿ, ಪಾಸ್‌ಪೋರ್ಟಿನ ಪ್ರತಿಯ ಜೊತೆಗೆ. ಸಬ್ರ್ ಮಾಡು ಎಂದು ಹೇಳುವ ತಾಯಿಯು, ಆ ಕಾಗದದ ಫೋಟೋ ಕಳುಹಿಸಲೇ ಎಂದೂ ಕೇಳಲಿ. ಅಲ್ಲಿಯ ಕಾರ್ಮಿಕ ಇಲಾಖೆಗೆ ದೂರು ಕೊಡುವಾಗ, ಭಾರತೀಯ ರಾಯಭಾರ ಕಚೇರಿಗೆ ಹೋಗುವಾಗ ಬೇಕಾಗುವುದು ಅದೇ. ಒಂದು ಎಚ್ಚರಿಕೆ: ಯುಎಇ, ಸೌದಿಗಳಲ್ಲಿ ಮುಷ್ಕರಕ್ಕೆ ಕಾನೂನಿನ ಅವಕಾಶವಿಲ್ಲ. ಆವೇಶದಲ್ಲಿ ಕೆಲಸ ನಿಲ್ಲಿಸಿದವನು ತನ್ನ ಹಕ್ಕಿನ ಜೊತೆಗೆ ವೀಸಾವನ್ನೂ ಕಳೆದುಕೊಳ್ಳಬಹುದು.

ನಮ್ಮ ದೇಶದೊಳಗೆ ದುಡಿಯುವವರ ವಿಷಯ ಬೇರೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1956ರಲ್ಲಿ ಸೇರಿಸಿದ 9ಎ ಕಲಂ ಪ್ರಕಾರ ಕಾರ್ಮಿಕರ ಕೂಲಿ, ಭತ್ಯೆ, ಕೆಲಸದ ವೇಳೆ, ರಜೆ ಮುಂತಾದವುಗಳನ್ನು ಬದಲಿಸಬೇಕಾದರೆ ಧಣಿಯು ನೋಟಿಸು ಕೊಟ್ಟು 21 ದಿನ ಕಾಯಬೇಕಾಗಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ 21 ದಿನಗಳನ್ನು ಉಳಿಸಿಕೊಂಡಿದೆ. ಆ ಅವಧಿ ಇರುವುದು ಕಾರ್ಮಿಕರು ಬಾಯಿ ತೆರೆಯಲಿ ಎಂಬುದಕ್ಕಾಗಿ.

ಒಟ್ಟಾಗಿ ನಿಲ್ಲುವ ವಿಷಯಕ್ಕೆ ಬಂದರೆ, ಅರೇಬಿಯಾದವರೆಗೆ ಹೋಗಬೇಕಾಗಿಲ್ಲ, ಬೀಡಿಯ ಚರಿತ್ರೆಯೇ ಸಾಕು. ತಂಬಾಕಿನ ಧಾರ್ಮಿಕ ವಿಧಿಯ ಚರ್ಚೆ ಇಲ್ಲಿ ಬೇಡ, ಬೀಡಿ ಸುತ್ತಿದ ಕೈಗಳ ಮಾತಾಡೋಣ. ನಮ್ಮ ಎಷ್ಟೋ ತಾಯಂದಿರು ಸಂಜೆ ಸೂಪು ಹಿಡಿದು ಬೀಡಿ ಬ್ರಾಂಚಿಗೆ ನಡೆದು ಮಕ್ಕಳನ್ನು ಓದಿಸಿದವರು. ಬೀಡಿ ಕಾರ್ಮಿಕರಿಗೆ ರಜೆ, ಕೆಲಸದ ವೇಳೆ ಇತ್ಯಾದಿಗಳನ್ನು ನಿಗದಿಪಡಿಸುವ ಕಾಯಿದೆ 1966ರಲ್ಲಿ ಆಯಿತು. ಕೇರಳವು 1968ರಲ್ಲಿ ಅದನ್ನು ಜಾರಿಗೆ ತಂದಾಗ ಮಂಗಳೂರಿನ ಕಂಪನಿಗಳು ಕಣ್ಣೂರಿನ ತಮ್ಮ ಕೇಂದ್ರಗಳನ್ನು ಮುಚ್ಚಿ ಹಿಂದಿರುಗಿದವು. ಸುಮಾರು 12,000 ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರಲ್ಲಿ ಹಲವರು 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡರು. ಕಾಯಿದೆಯ ಸಿಂಧುತ್ವ ಸುಪ್ರೀಂ ಕೋರ್ಟಿನವರೆಗೆ ಹೋಗಿ 1974ರಲ್ಲಿ ಎತ್ತಿಹಿಡಿಯಲ್ಪಟ್ಟಿತು. ಗಡಿಯ ಈಚೆಗೆ, ಮನೆಮನೆಗಳಲ್ಲಿ ಬಿಡಿಬಿಡಿಯಾಗಿ ಕುಳಿತು ಸುತ್ತಿದ ನಮ್ಮ ತಾಯಂದಿರಿಗೆ, ಬ್ರಾಂಚಿನಲ್ಲಿ ಬೀಡಿ ಕಳಪೆಯೆಂದು ತೆಗೆದು ಲೆಕ್ಕದಿಂದ ಕಡಿತ ಮಾಡಿದಾಗ ಕೇಳಲು ಜೊತೆಗೆ ಯಾರೂ ಇರಲಿಲ್ಲ.

ಇನ್ನೊಂದು ಮಾತನ್ನು ಹೇಳದೆ ಹೋದರೆ ಈ ಬರಹ ಅಪ್ರಾಮಾಣಿಕವಾದೀತು. ನಾವು ಕೇವಲ ಕೆಲಸಗಾರರಲ್ಲ, ಧಣಿಗಳೂ ಹೌದು. ಹೋಟೆಲು, ಬಟ್ಟೆಯಂಗಡಿ, ಮೀನು, ಮರ, ಬಸ್ಸು ಎಲ್ಲೆಡೆ ನಮ್ಮವರಿದ್ದಾರೆ. ರಂಝಾನಿನಲ್ಲಿ ವ್ಯಾಪಾರ ಕಡಿಮೆಯೆಂದು ಅಡುಗೆಯವನ ಸಂಬಳವನ್ನು ತಿಂಗಳ ಕೊನೆಯಲ್ಲಿ ಇಳಿಸುವವರು, ಸಂಬಳ ಗೊತ್ತು ಮಾಡದೆ "ನೋಡಿ ಕೊಡುವ" ಎಂದು ಹುಡುಗನನ್ನು ಇಟ್ಟುಕೊಳ್ಳುವವರು ಮೊದಲ ಸಫ್ಫಿನಲ್ಲೇ ಇದ್ದಾರೆ. ತಾವು ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರನ್ನು ಮುತಫ್ಫಿಫೀನ್ ಅಧ್ಯಾಯವು ಎಚ್ಚರಿಸುತ್ತದೆ. ಕೆಲಸವನ್ನು ಪೂರ್ತಿ ಪಡೆದು ಕೂಲಿ ಕೊಡದವನ ವಿರುದ್ಧ ಅಂತಿಮ ದಿನದಂದು ಅಲ್ಲಾಹನೇ ವಾದಿಯಾಗುವನೆಂಬ ಹದೀಸನ್ನು ನಾವು ಭಾಷಣಗಳಲ್ಲಿ ಕೊಲ್ಲಿಯ ಕಫೀಲನನ್ನು ನೆನೆದು ಹೇಳುತ್ತೇವೆ. ನಮ್ಮ ಅಡುಗೆಮನೆಯಲ್ಲಿ ಬೆವರುತ್ತಿರುವ ಬಿಹಾರದ ಅಥವಾ ಅಸ್ಸಾಮಿನ ಹುಡುಗನಿಗೆ ನಾವೇ ಕಫೀಲರು.

ಜಮಾಅತ್ ಸಮಿತಿಗಳು ತಲಾಕ್, ವಾರಸು, ಗಡಿ ತಕರಾರುಗಳನ್ನು ಕೂತು ಬಗೆಹರಿಸುತ್ತವೆ. ಕೂಲಿಯ ದೂರನ್ನು ಅಲ್ಲಿ ಎತ್ತಿದವರನ್ನು ನಾವು ಕಂಡದ್ದು ಕಡಿಮೆ. ಅಬ್ದುಲ್ಲಾಹ್ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿದವರು ಆಗ ಮುಸ್ಲಿಮರೂ ಆಗಿರಲಿಲ್ಲ, ಅವರ ಮುಂದಿದ್ದ ದೂರು ಒಂದು ಬಾಕಿ ಹಣದ್ದು.

ಆಸ್ ಬಿನ್ ವಾಇಲ್‌ನ ಮಗ ಅಮ್ರ್(ರ) ಮುಂದೆ ಸಹಾಬಿಯಾಗಿ, ಈಜಿಪ್ಟಿನ ವಿಜೇತರಾಗಿ ಪ್ರಸಿದ್ಧರಾದರು. ಖಬ್ಬಾಬ್(ರ) ಕೂಫಾದಲ್ಲಿ ನೆಲೆಸಿ ಹಿಜರಿ 37ರಲ್ಲಿ ನಿಧನರಾದರು. ಆ ಹೊತ್ತಿಗೆ ಅವರ ಬಳಿ ಹಣವಿತ್ತು. ಅದರಿಂದಾಗಿ, ನಮ್ಮ ಪ್ರತಿಫಲ ಇಹದಲ್ಲೇ ತೀರಿಹೋಯಿತೇನೋ ಎಂದು ಅವರು ಅಳುತ್ತಿದ್ದರು. ರೋಗಶಯ್ಯೆಯಲ್ಲಿ ನೋಡಲು ಬಂದವರಿಗೆ ಅವರು ಮನೆಯಲ್ಲಿದ್ದ ಒಂದು ಪೆಟ್ಟಿಗೆಯನ್ನು ತೋರಿಸಿ, ಇದರಲ್ಲಿ 80,000 ದಿರ್‌ಹಮ್ ಇದೆ, ಇದಕ್ಕೆ ನಾನೆಂದೂ ದಾರ ಬಿಗಿದಿಲ್ಲ, ಕೇಳಿದವರಿಗೆ ಇಲ್ಲವೆಂದಿಲ್ಲ ಎಂದು ಹೇಳಿದ ವರದಿ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ.